ಹಿಂಗಾಲಿಲ್ಲದ ಆನೆ

ಜೀಪಿನ ಹಿಂದುಗಡೆ ಹೆಣ. ನನ್ನ ಪಕ್ಕದಲ್ಲಿ ಹೆಣದ ಹೆಂಡತಿ. ಬೆನ್ನಟ್ಟಿ ಬರುತ್ತಿದ್ದದ್ದು ಬಿಳಿ ಪಿಕಪ್... ಅದರ ಕಿಟಕಿಯಿಂದ ಹೊರಗೆ ಚಾಚಿದ ಕೋವಿ.

ಢಂ!

ಸೈಡ್ ಮಿರರ್ ಪುಡಿಯಾಯಿತು.

"ತಲೆ ಬಗ್ಸಿ ಸಿದ್ದಮ್ಮಕ್ಕ."

"ನನ್ ತಲೆ ಬಿಡಣ್ಣ. ನಮ್ಮೆಜಮಾನ್ರು ಬೀಳ್ದಂಗೆ ಓಡ್ಸು."

ಮೊದಲಿನಿಂದ ಹೇಳುತ್ತೇನೆ, ಕೇಳಿ.

ನಾನು ಧರ್ಮೇಶ್. ಕಾಫಿ ಎಸ್ಟೇಟಿನಲ್ಲಿ ಯಾರನ್ನಾದರೂ ಆನೆ ತುಳಿದರೆ ಮಾಲೀಕರು ಮೊದಲು ಫೋನ್ ಮಾಡುವುದು ನನಗೆ. ಹೇಳಿಕೆ, ಸಹಿ, ಸಾಕ್ಷಿ... ಸಂಜೆಯೊಳಗೆ ಎಲ್ಲ ರೆಡಿ. ಒಳ್ಳೆಯ ಕೆಲಸ ಅಂತ ನಾನೇನೂ ಹೇಳುತ್ತಿಲ್ಲ.

ಬೆಳಿಗ್ಗೆ ಏಳಕ್ಕೆ ಚೆಟ್ಟಳ್ಳಿಯಿಂದ ಫೋನ್ ಬಂತು. ಎಸ್ಟೇಟ್ ಮಾಲೀಕ ಅಶ್ವಥ್.

"ನಮ್ ಲೆಕ್ಕದ ರೈಟರ್ ಪುಟ್ಟರಾಜು ಹೋಗ್ಬಿಟ್ಟ ಧರ್ಮೇಶ. ಆನೆ. ಹೆಸರು ಪಟ್ಟಿಗೆ ಸೇರ್ಸಾಯ್ತು. ಹೆಂಡ್ತಿ ಹತ್ರ ಸಹಿ ಹಾಕ್ಸಿ ಹನ್ನೊಂದರೊಳಗೆ ಕಮಿಟಿಗೆ ಮುಟ್ಸು. ಹೆಣ ಇಲ್ಲೇ ಸುಟ್ಬಿಡಣ."

ಕಮಿಟಿ ದಿಲ್ಲಿಯದು. ಅಳಿವಿನಂಚಿನ ಪ್ರಾಣಿಗಳ ಕಾಯ್ದೆ ತಿದ್ದಲು ಹೊರಟವರು. ಮನುಷ್ಯರನ್ನು ಕೊಂದ ಆನೆಯನ್ನು ಹೊಡೆಯಲು ಇನ್ನು ಮೇಲಿನವರ ಪರ್ಮಿಷನ್ ಬೇಡ, ಜಿಲ್ಲೆಯಲ್ಲೇ ಗುಂಡಿಗೆ ಆರ್ಡರ್... ಕರಡಿನ ಸಾರ ಇಷ್ಟೇ. ಅವತ್ತು ಮಡಿಕೇರಿಯಲ್ಲಿ ಸಭೆ. ಅವರಿಗೆ ಬೇಕಾದದ್ದು ಆನೆಯಿಂದ ಸತ್ತವರ ಪಟ್ಟಿ.

ಆಳುಗಳ ಲೈನ್ ಮನೆಯ ಜಗಲಿಯಲ್ಲಿ ಹೆಣ ನೋಡಿದೆ. ಮೈತುಂಬ ಕೆಸರು. ಒಂದು ಮೂಳೆಯೂ ಮುರಿದಿರಲಿಲ್ಲ. ಬಲ ಅಂಗೈಯಲ್ಲಿ ಸುಟ್ಟ ಕಪ್ಪು ಗೆರೆ. ಆನೆ ಸಾಯಲಿ ಅಂತ ಬೇಲಿ ತಂತಿಗೆ ಮೇನ್ ಲೈನಿನ ಕರೆಂಟನ್ನೇ ಬಿಟ್ಟಿದ್ದರು. ಮುಟ್ಟಿದ್ದು ಪುಟ್ಟರಾಜು.

ಬೇಲಿ ಹತ್ತಿರ ಹೋದೆ. ಹೆಜ್ಜೆ ಗುರುತುಗಳಿದ್ದವು. ಆನೆಯ ಮುಂಗಾಲು ದುಂಡಗೆ, ಹಿಂಗಾಲು ಉದ್ದಕ್ಕೆ. ಇಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ದುಂಡಗೆ! ಎಲ್ಲದರಲ್ಲೂ ಅದೇ ಒಂದು ಉಗುರು ಮುರಿದಿತ್ತು.

ಬಂಗಲೆಗೆ ನುಗ್ಗಿದೆ. ಅಶ್ವಥ್ ಕಾಫಿ ಕುಡಿಯುತ್ತಿದ್ದರು. ಪಕ್ಕದಲ್ಲಿ ಅವರಜ್ಜ ಬೇಟೆಯಾಡಿದ ಆನೆಯ ಕಾಲು ಕತ್ತರಿಸಿ ಮಾಡಿದ ಸ್ಟೂಲು. ಒಂದು ಉಗುರು ಮುರಿದಿತ್ತು. ಅಡಿಯಲ್ಲಿ ಹಸಿ ಕೆಸರು.

"ಸ್ಟೂಲ್ ತೊಳೆಯಕ್ಕೆ ಮರ್ತೋಯ್ತಾ ಸಾರ್?"

ಅವರು ನಗಲಿಲ್ಲ.

"ಸಹಿ ಹಾಕ್ಸದು ನಿನ್ ಕೆಲ್ಸ. ಹೆಜ್ಜೆ ನೋಡದಲ್ಲ."

ಕೈ ಗೋಡೆಯ ಕೋವಿಯ ಕಡೆ ಹೋಯಿತು. ನಾನು ಓಡಿದೆ.

ತೋಟದಂಚಿನಲ್ಲಿ ಆಗಲೇ ಸೌದೆ ಒಟ್ಟುತ್ತಿದ್ದರು. ಜಗಲಿಯಲ್ಲಿ ಸಿದ್ದಮ್ಮ ಗಂಡನ ಕೈ ಹಿಡಿದು ಕೂತಿದ್ದಳು.

"ಸುಟ್ರೆ ಈ ಗುರುತೂ ಹೋಯ್ತದೆ, ಅಲ್ವಾ ಅಣ್ಣ?"

"ಹೌದಕ್ಕ. ಆಮೇಲೆ ತಪ್ಪೆಲ್ಲ ಆನೆದೇ."

"ಹಂಗಾದ್ರೆ ಎತ್ತು."

ಎತ್ತಿದೆವು. ಅಲ್ಲಿಂದ ಶುರುವಾದದ್ದೇ ಈ ಓಟ, ಬೆನ್ನಿಗೆ ಅಶ್ವಥ್ ಅವರ ಪಿಕಪ್.

ಢಂ! ಎರಡನೇ ಗುಂಡು ಟಾರ್ಪಾಲನ್ನು ಸೀಳಿತು. ತಿರುವಿನಲ್ಲಿ ಕಾಫಿ ಕೊಯ್ಯುವ ಹೆಂಗಸರನ್ನು ತುಂಬಿಕೊಂಡ ಜೀಪು ಎದುರಾಯಿತು. ಕೂದಲೆಳೆಯಲ್ಲಿ ಪಕ್ಕಕ್ಕೆ ನುಸುಳಿದೆ. ಪಿಕಪ್ ನುಸುಳಲಿಲ್ಲ. ಚರಂಡಿಗೆ ಮಗುಚಿತು.

ಹತ್ತೂ ಐವತ್ತಕ್ಕೆ ಮಡಿಕೇರಿ. ಸಭೆಯ ಬಾಗಿಲಲ್ಲೇ ಟಿವಿಯವರು. ಅವರೆಲ್ಲರ ಎದುರು ಸಿದ್ದಮ್ಮ ಗಂಡನ ಅಂಗೈ ಬಿಡಿಸಿ ತೋರಿಸಿದಳು.

ಕಮಿಟಿಯ ಕನ್ನಡಿಗ ಆಫೀಸರ್ ಬಗ್ಗಿ ನೋಡಿದರು. ಕಪ್ಪು ಗೆರೆಯ ಮೇಲೆ ಬೆರಳಿಟ್ಟರು.

"ಇದು ಆನೆ ಕೇಸಲ್ಲ. ಪೊಲೀಸ್ನೋರನ್ನ ಕರೀರಿ."

ಪಟ್ಟಿಯಲ್ಲಿ ಪುಟ್ಟರಾಜುವಿನ ಹೆಸರು ಹೊಡೆದು ಹಾಕಿದರು. ಸಿದ್ದಮ್ಮ ಅವತ್ತು ಮೊದಲ ಸಲ ಅತ್ತಳು. ಅಶ್ವಥ್‌ರನ್ನು ಪೊಲೀಸರು ಚರಂಡಿಯಿಂದಲೇ ಎತ್ತಿಕೊಂಡು ಹೋದರು.

ಆಫೀಸರ್ ಪೆನ್ನು ಕೆಳಗಿಡಲಿಲ್ಲ. ಪಟ್ಟಿಯಲ್ಲಿ ಇನ್ನೂ ಹದಿನಾಲ್ಕು ಹೆಸರಿದ್ದವು. ಎಲ್ಲರೂ ಸುಟ್ಟು ಬೂದಿಯಾದವರು. ಅವರಲ್ಲಿ ಒಬ್ಬರ ಅಂಗೈಯನ್ನೂ ನಾನು ಬಿಡಿಸಿ ನೋಡಿರಲಿಲ್ಲ.

"ಉಳಿದವೆಲ್ಲ ಸರಿ ಇದಾವೇನ್ರೀ?" ನನ್ನನ್ನೇ ಕೇಳಿದರು.

ಸಿದ್ದಮ್ಮ ನನ್ನ ಮುಖ ನೋಡಿದಳು.

"ಇದಾವೆ ಸಾರ್" ಅಂದೆ.

ಹದಿನಾಲ್ಕಕ್ಕೂ ಸಾಕ್ಷಿ ಹಾಕಿದವನು ನಾನೇ.