ಟೂಟಿಂಗಿನಲ್ಲಿ ಕೆಸರಿಲ್ಲ

ಈ ವರ್ಷ ನಮ್ಮ ಕೆರೆಗೆ ಯಾವ ಯಾವ ಹಕ್ಕಿ ಬಂದವು ಎಂದು ಕೇಳಿದರೆ ನಾನು ರಾಮಪ್ರಸಾದನ ಬೂಟಿನಿಂದ ಶುರು ಮಾಡಬೇಕಾಗುತ್ತದೆ. ಆ ಬೂಟಿಗೆ ಕೆಸರು ಮೆತ್ತದಿದ್ದರೆ ನನಗೆ ಅನುಮಾನ ಬರುತ್ತಿರಲಿಲ್ಲ. ಅನುಮಾನ ಬರದಿದ್ದರೆ ಇವತ್ತಿಗೂ ಅವನಿಗೊಂದು ನಮಸ್ಕಾರ ಹೇಳಿ, ದುರ್ಬೀನು ಎತ್ತಿಕೊಂಡು ಆಚೆ ದಂಡೆಗೆ ಹೋಗುತ್ತಿದ್ದೆ.

ಕೆರೆ ಎಂದರೆ ಲಂಡನ್ನಿನ ಪಶ್ಚಿಮ ಅಂಚಿನ ಅಕ್ಸ್‌ಬ್ರಿಡ್ಜ್ ಪೇಟೆಯ ಹಿಂದೆ, ಒಂದು ಕಾಲಕ್ಕೆ ಜಲ್ಲಿ ತೆಗೆದು ಬಿಟ್ಟ ಗುಂಡಿ. ಈಗ ನೀರು ತುಂಬಿ, ಸುತ್ತ ಜೊಂಡು ಬೆಳೆದು, ಹಂಸಗಳಿಗೂ ನಮ್ಮಂಥವರಿಗೂ ಜಾಗವಾಗಿದೆ.

ನಾನು ವಿಜಯಪುರದ ಸುವರ್ಣಾ. ಮದುವೆಯಾಗಿ ಇಲ್ಲಿಗೆ ಬಂದವಳು, ಈಗ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಗಂಡ ಟ್ರೇನಿಂಗ್ ಟ್ರೇನಿಂಗ್ ಎನ್ನುತ್ತ ಹೋಗುತ್ತಿದ್ದದ್ದು ಬೇರೊಬ್ಬಳ ಮನೆಗೆ ಎಂದು ನನಗೆ ತಿಳಿಯುವ ಹೊತ್ತಿಗೆ ಬೀದಿಗೆಲ್ಲ ತಿಳಿದಿತ್ತು. ಅವನನ್ನು ಬಿಟ್ಟೆ. ಅಲ್ಲಿಂದೀಚೆಗೆ ಯಾರಾದರೂ ಗುಡ್ ಮಾರ್ನಿಂಗ್ ಎಂದರೂ ಕಿಟಕಿ ತೆಗೆದು ನೋಡಿಯೇ ಒಪ್ಪುತ್ತೇನೆ. ಹಕ್ಕಿ ನೋಡುವವರಿಗೆ ಈ ಸ್ವಭಾವ ಬೇಕು. ಗಂಡಸರನ್ನು ನೋಡುವವರಿಗೂ ಬೇಕು.

ರಾಮಪ್ರಸಾದ್ ಸಿಕ್ಕಿದ್ದು ಜನವರಿಯ ಒಂದು ಬೆಳಗ್ಗೆ. ಬೆಂಗಳೂರಿನವನು, ಕಂಪ್ಯೂಟರ್ ಕೆಲಸ, ಕಿವಿ ಮುಚ್ಚುವ ಟೋಪಿ. ಜೊಂಡಿನ ಎದುರು ನಿಂತು ತನಗೆ ತಾನೇ, "ಅಯ್ಯೋ, ಎಲ್ಲೋಯ್ತು," ಎಂದ. ಕನ್ನಡ ಕೇಳಿ ನಾನೂ ನಿಂತೆ.

"ಏನ್ ಕಂಡ್ರಿ?"

ಅವನು ನನ್ನ ಮುಖ ನೋಡಿದ, ಜೊಂಡು ನೋಡಿದ, ಮತ್ತೆ ಮುಖವನ್ನೇ ನೋಡಿದ. "ಬಿಟರ್ನ್. ಈಗ ತಾನೇ ಇತ್ತು."

ಬಿಟರ್ನ್ ಒಣ ಜೊಂಡಿನ ಬಣ್ಣದ ಕೊಕ್ಕರೆ. ಅಲ್ಲಾಡದೆ ನಿಂತರೆ ಅದೂ ಜೊಂಡೇ. ನಮ್ಮ ಕೆರೆಯಲ್ಲಿ ಯಾರೂ ಕಂಡವರಿಲ್ಲ.

"ಫೋಟೋ ತಗದ್ರೇನು?"

"ಇಲ್ಲ."

"ಮತ್ಯಾರರ ನೋಡ್ಯಾರೇನು?"

"ನೀವು ಸ್ವಲ್ಪ ಬೇಗ ಬಂದಿದ್ರೆ ನೋಡ್ತಿದ್ರಿ."

"ನನ್ನ ಮ್ಯಾಲೆ ಹಾಕಬ್ಯಾಡ್ರಿ," ಎಂದೆ.

ಇಲ್ಲಿ ಹಕ್ಕಿ ನೋಡುವ ನಮ್ಮ ಗುಂಪಿನ ಹಿರಿಯ ಬ್ರಯನ್‌ದೊಂದು ಕಟ್ಟುನಿಟ್ಟಿನ ನಿಯಮವಿದೆ. ಅಪರೂಪದ ಹಕ್ಕಿಯನ್ನು ಒಬ್ಬರೇ ಕಂಡರೆ, ವರ್ಷದ ಲೆಕ್ಕದಲ್ಲಿ ಅದರ ಮುಂದೆ ಪ್ರಶ್ನೆಯ ಚಿಹ್ನೆ ಹಾಕುತ್ತಾನೆ. ವರ್ಷ ಮುಗಿಯುವುದರೊಳಗೆ ಗುಂಪಿನ ಇನ್ನೊಬ್ಬರು ಕಂಡವರ ಪರ ನಿಂತರೆ ಮಾತ್ರ ಅಳಿಸುತ್ತಾನೆ. ನನ್ನನ್ನು ಕೇಳಿದಾಗ, ನಾನೇನೂ ಕಾಣಲಿಲ್ಲ ಎಂದುಬಿಟ್ಟೆ. ರಾಮಪ್ರಸಾದ್ ಬೇಜಾರು ಮಾಡಿಕೊಳ್ಳದೆ ನಕ್ಕ. ಆ ನಗುವಿನ ಮೇಲೂ ನನಗೆ ಅನುಮಾನ ಬಂತು.

ಮಾರ್ಚಿನಲ್ಲಿ ಅವನು ಗೂಬೆ ಗೂಡು ಮಾಡಿದ ಮರದ ಫೋಟೋವನ್ನು ಗುಂಪಿನ ವಾಟ್ಸಾಪಿಗೆ ಹಾಕಿದ. ಸಂಜೆಯೊಳಗೆ ಮರದ ಕೆಳಗೆ ಕ್ಯಾಮೆರಾದವರ ಸಂತೆ ನೆರೆಯಿತು. ಗೂಬೆ ಗೂಡು ಬಿಟ್ಟುಹೋಯಿತು. ನಾನು ಅವನನ್ನು ದಂಡೆಯ ಮೇಲೇ ತರಾಟೆಗೆ ತೆಗೆದುಕೊಂಡೆ.

"ಗೂಡಿನ ಜಾಗ ಹಡದವ್ವಗೂ ಹೇಳಬಾರದ್ರೀ."

"ನಿಮಗೂ ಹೇಳ್ಬಾರ್ದಾ?"

"ನನಗಂತೂ ಹೇಳಲೇಬ್ಯಾಡ್ರಿ."

"ಆಯ್ತು. ಮಾತು ಕೊಟ್ಟೆ," ಎಂದ. ಅವನ ಕಣ್ಣು ಕೆಂಪಾಗಿತ್ತು. ಗೂಬೆಗಾಗಿ ಕಣ್ಣು ಕೆಂಪು ಮಾಡಿಕೊಳ್ಳುವ ಗಂಡಸು ನಿಜವಿರಲಾರ ಎಂದುಕೊಂಡೆ.

ಆದರೂ ಶನಿವಾರಗಳು ಜೊತೆಗೇ ಕಳೆಯತೊಡಗಿದವು. ನನ್ನ ರೊಟ್ಟಿ, ಅವನ ಫ್ಲಾಸ್ಕಿನ ಕಾಫಿ. ಟೆಲಿಸ್ಕೋಪಿನಲ್ಲಿ ಏನೇ ಕಂಡರೂ ಅದರ ಗಾಜನ್ನು ತನ್ನ ಮಫ್ಲರಿನಿಂದ ಒರೆಸಿ, ಮೊದಲು ನನಗೇ ಬಿಡುತ್ತಿದ್ದ. ನಾನು ಬಗ್ಗಿ ನೋಡುವಾಗ ಅವನು ಹಕ್ಕಿಯ ಕಡೆ ನೋಡುತ್ತಿರಲಿಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

"ಏನ್ ನೋಡಾಕತ್ತೀರಿ?"

"ಗಿಳಿ," ಎನ್ನುತ್ತಿದ್ದ. ಲಂಡನ್ನಿನ ತುಂಬ ಈಗ ನಮ್ಮ ದೇಶದ ಹಸಿರು ಗಿಳಿಗಳಿವೆ. ಹಾಗಾಗಿ ಆ ಮಾತನ್ನು ಸುಳ್ಳೆನ್ನುವಂತಿರಲಿಲ್ಲ. ಎದುರಿಗೆ ನೀವು ಎನ್ನುತ್ತಿದ್ದೆ. ಮನಸ್ಸಿನಲ್ಲಿ ಅವನು ಎಂದೋ ನನ್ನವನಾಗಿದ್ದ, ಅದೇ ನನಗೆ ಹೆದರಿಕೆ.

ಮೇ ತಿಂಗಳಿಗೆ ಸರಿಯಾಗಿ ಅವನು ಶನಿವಾರಗಳನ್ನು ತಪ್ಪಿಸತೊಡಗಿದ.

"ಟೂಟಿಂಗ್‌ಗೆ ಹೋಗ್ಬೇಕು. ಚಿಕ್ಕಮ್ಮ ಊಟಕ್ಕೆ ಕರೆದಿದ್ದಾರೆ."

ಟೂಟಿಂಗ್ ಎಂದರೆ ದಕ್ಷಿಣ ಲಂಡನ್ನಿನಲ್ಲಿ ನಮ್ಮ ಕಡೆಯವರ ಅಂಗಡಿಗಳೇ ತುಂಬಿದ ಪೇಟೆ. ಒಂದು ವಾರ ನಂಬಿದೆ. ಮರುವಾರ, ಬರುವಾಗ ಅಲ್ಲಿಂದ ಚಟ್ನಿಪುಡಿ ತನ್ನಿ ಎಂದೆ. ಮರೆತೆ ಎಂದ. ಅದರ ಮರುವಾರವೂ ಮರೆತ. ಆ ಸಂಜೆ ನಮ್ಮ ಪೇಟೆಯ ಹೈ ಸ್ಟ್ರೀಟಿನಲ್ಲಿ ಎದುರಾದಾಗ ಅವನ ಬೂಟು ನೋಡಿದೆ. ಹಸಿ ಕೆಸರು, ಬೂದು ಬಣ್ಣದ್ದು. ಟೂಟಿಂಗ್‌ನ ತುಂಬ ಫುಟ್‌ಪಾತು, ದೋಸೆ ಹೋಟೆಲು. ಆ ಬೂದು ಕೆಸರು ನಮ್ಮ ಕೆರೆಯ ಪಕ್ಕದಲ್ಲಿ ಹರಿಯುವ ಕೋಲ್ನ್ ನದಿಯ ತಿರುವಿನದು.

ಮತ್ತೆ ಅದೇ ಕಥೆ, ಟ್ರೇನಿಂಗ್ ಬದಲು ಟೂಟಿಂಗ್. ಅವನನ್ನು ಕಳೆದುಕೊಳ್ಳುವುದಾದರೂ ಸರಿ, ಎಲ್ಲರಿಗಿಂತ ಕೊನೆಗೆ ತಿಳಿಯುವವಳು ಈ ಸಲ ನಾನಾಗಬಾರದು.

ಜೂನಿನ ಮೊದಲ ಶನಿವಾರ ಬೆಳಗಾಗುತ್ತಲೇ ನದಿಯ ತಿರುವಿನಲ್ಲಿ ವಿಲ್ಲೋ ಮರದ ಕೊಂಬೆಗಳೊಳಗೆ ಕೂತೆ. ಹಕ್ಕಿ ನೋಡಿ ಕಲಿತ ವಿದ್ಯೆಯೆಲ್ಲ ಅಲ್ಲಿ ಕೆಲಸಕ್ಕೆ ಬಂತು. ಸ್ವಲ್ಪ ಹೊತ್ತಿಗೆ ಅವನು ಬಂದ. ದೂರದಲ್ಲಿ ಮೊಣಕಾಲೂರಿ ಕುಳಿತ. ಗಾಳಿ ಅವನ ಪಿಸುಮಾತನ್ನು ಹೊತ್ತು ತಂದಿತು.

"ಬಾ ಚಿನ್ನ. ಹೆದರ್ಕೋಬೇಡ. ಯಾರೂ ಇಲ್ಲ."

ಇನ್ನು ತಡೆಯಲಾಗಲಿಲ್ಲ. ಕೊಂಬೆ ಸರಿಸಿ ದಂಡೆಯ ಅಂಚಿಗೇ ಬಂದು ನಿಂತೆ. "ಯಾರದಾರ್ರೀ ಅಲ್ಲೆ?"

ಅವನು ಬೆಚ್ಚಿ ತಿರುಗಿದ. ಬಾಯಿ ತೆರೆಯದೆ ಎರಡೂ ಕೈಯಿಂದ ಹಿಂದೆ ಬಾ, ಹಿಂದೆ ಬಾ ಎಂದು ಸನ್ನೆ ಮಾಡಿದ. ಆಗ ನನಗೆ ಕಂಡಿತು. ಎದುರಿನ ಕೊಂಬೆಯ ಮೇಲೆ ಒಂದು ಮಿಂಚುಳ್ಳಿ. ಕೊಕ್ಕಿನಲ್ಲಿ ಮೀನು, ಮೀನಿನ ತಲೆ ಹೊರಮುಖವಾಗಿ. ತಾನು ತಿನ್ನುವ ಮೀನನ್ನು ಅದು ಹಾಗೆ ಹಿಡಿಯುವುದಿಲ್ಲ, ಅದು ಮರಿಗಳಿಗೆ. ನಾನು ನಿಂತಿದ್ದೆನಲ್ಲ, ಆ ಮಣ್ಣಿನ ದಂಡೆಯಲ್ಲೇ, ನನ್ನ ಕಾಲ ಕೆಳಗೇ ಇತ್ತು ಗೂಡಿನ ಬಾಯಿ.

ಹಕ್ಕಿ ಮೀನು ಕಚ್ಚಿಕೊಂಡು ನನ್ನನ್ನೇ ನೋಡುತ್ತಿತ್ತು. ಅದಕ್ಕೆ ನನ್ನ ಮೇಲೆ ಅನುಮಾನ. ಒಳಗೆ ಮರಿಗಳು ಹಸಿದಿದ್ದವು. ಜೀವ ಕೈಯಲ್ಲಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಬಂದು ಅವನ ಪಕ್ಕ ಕೂತೆ. ಇಬ್ಬರೂ ಉಸಿರಾಡಲಿಲ್ಲ. ಬಹಳ ಹೊತ್ತಾದ ಮೇಲೆ ನೀಲಿ ಗೆರೆಯೊಂದು ನೀರಿನ ಮೇಲೆ ಹಾದು ದಂಡೆಯೊಳಗೆ ಮಾಯವಾಯಿತು.

"ಟೂಟಿಂಗ್ ಅಂತ ಯಾಕ್ ಸುಳ್ಳ ಹೇಳಿದ್ರಿ?" ಎಂದೆ.

"ಗೂಡಿನ ಜಾಗ ನಿಮಗಂತೂ ಹೇಳಲ್ಲ ಅಂತ ಮಾತು ಕೊಟ್ಟಿದ್ನಲ್ಲ."

"ಗೂಡೈತಿ, ಜಾಗ ಹೇಳಂಗಿಲ್ಲ ಅನಬೇಕಿತ್ತು."

"ಅಂದಿದ್ರೆ ನಂಬ್ತಿದ್ರಾ?"

ನಂಬುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

"ಇನ್ನ ಮ್ಯಾಲೆ ಹೇಳಾಕ ಆಗಲಿಲ್ಲಂದ್ರ ಸುಮ್ಮನಿರ್ರಿ," ಎಂದೆ. "ಸುಳ್ಳ ಮಾತ್ರ ಬ್ಯಾಡ್ರಿ. ನನಗ ಆಗಂಗಿಲ್ಲ."

"ಇನ್ನು ಹೇಳಲ್ಲ," ಎಂದ. ಮರಿಗಳು ಹಾರುವವರೆಗೆ ನಾವಿಬ್ಬರೂ ಸರದಿಯಲ್ಲಿ ಅಲ್ಲಿ ಕಾವಲು ಕೂತೆವು.

ಡಿಸೆಂಬರಿನಲ್ಲಿ ಗುಂಪಿನವರೆಲ್ಲ ಕೆರೆಯ ಪಕ್ಕದ ಕೆಫೆಯಲ್ಲಿ ಸೇರಿದೆವು. ಬ್ರಯನ್ ವರ್ಷದ ಹಕ್ಕಿಗಳನ್ನು ಓದುತ್ತ ಬಂದ. ಬಿಟರ್ನ್ ಬಂದಾಗ ಪ್ರಶ್ನೆಯ ಚಿಹ್ನೆ ಎಂದು ಸೇರಿಸಿ, ಯಾರಾದರೂ ಪರ ನಿಲ್ಲುವವರಿದ್ದೀರಾ ಎಂದು ಕೇಳಿದ.

ನಾನು ಕೈ ಎತ್ತಿದೆ. ಕೈ ಎತ್ತಿದವಳು ನಾನೇನಾ ಎಂದು ನನಗೇ ಅನುಮಾನ.

"ನೀನು ನೋಡಿದೆಯಾ?" ಎಂದ ಬ್ರಯನ್.

"ಇಲ್ಲ. ಅವರು ನೋಡಿದೆ ಅಂದರೆ ನೋಡಿದ್ದಾರೆ," ಎಂದೆ ಇಂಗ್ಲಿಷಿನಲ್ಲಿ.

ರಾಮಪ್ರಸಾದನ ಮುಖ ಕಿವಿಯವರೆಗೂ ಕೆಂಪಾಯಿತು. ಬ್ರಯನ್‌ಗೆ ಒಂದು ನಿಮಿಷ ಎಂದು ಹೇಳಿ ನನ್ನ ಕಡೆ ಬಾಗಿದ. "ಬೇಡ ಸುವರ್ಣಾ. ಆ ಚಿಹ್ನೆ ಇರ್ಲಿ. ಅವತ್ತು ಕಂದು ಬಣ್ಣದ್ದೇನೋ ಅಲ್ಲಾಡ್ತು, ಅಷ್ಟೇ. ಬಿಟರ್ನೋ, ಬರೀ ಜೊಂಡೋ, ನನಗೇ ಗೊತ್ತಿಲ್ಲ."

"ಮತ್ತ ಬಿಟರ್ನ್ ಅಂದ್ರಿ?"

"ಏನೂ ಇಲ್ಲ ಅಂದಿದ್ರೆ ನೀವು ಹೊರಟುಹೋಗ್ತಿದ್ರಿ."

"ಅಂದ್ರ ಸುಳ್ಳು."

"ಅದು ಜೂನ್‌ಗಿಂತ ಮುಂಚಿನದು. ಆಮೇಲೆ ಒಂದೂ ಇಲ್ಲ."

ನಾನು ಹಿಡಿಯದೇ ಹೋದ ಸುಳ್ಳನ್ನು ತಾನಾಗಿ ತಂದು ನನ್ನ ಕೈಗಿಟ್ಟ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗೆದ್ದ ಹಕ್ಕಿಯನ್ನು ನನಗಾಗಿ ಬಿಟ್ಟುಕೊಟ್ಟಿದ್ದ. ಎದೆಯೊಳಗೆ ಇಷ್ಟು ವರ್ಷ ಕಾವಲು ಕೂತಿದ್ದದ್ದು ಎದ್ದು ಹೋದಂತಾಯಿತು.

"ನನಗ ನೀವು ಬೇಕ್ರೀ," ಎಂದೆ ಮೆಲ್ಲಗೆ.

ಅವನು ತುಟಿಯಂಚಿನಲ್ಲಿ ನಕ್ಕ. "ಕೇಳಿಸ್ಕೊಂಡಿದ್ದು ನಾನೊಬ್ಬನೇ. ಫೋಟೋನೂ ಇಲ್ಲ."

"ಹಂಗಾದ್ರ ಇನ್ನೊಮ್ಮೆ ಹೇಳ್ತೀನಿ."

ಹೇಳಿದೆ, ಈ ಸಲ ಗಟ್ಟಿಯಾಗಿ. ಬ್ರಯನ್ ತಲೆ ಎತ್ತಿ ನಮ್ಮಿಬ್ಬರ ಮುಖ ನೋಡಿ ಪೆನ್ನು ಕೆಳಗಿಟ್ಟ. ಅವನಿಗೆ ಕನ್ನಡದ ಒಂದಕ್ಷರ ಬಾರದು, ಆದರೂ ಸಾಕ್ಷಿಗೆ ಅವನೊಬ್ಬ ಸಾಕು.