ಅಪ್ಪಾಜಿಯ ಹೆಸರಿನ ಬಾಗಿಲು

ಅಯ್ಯೋ... ಪರದೆಯ ಮೇಲಿನ ಬಾಣ ತಾನಾಗಿಯೇ ಓಡಾಡುತ್ತಿದೆ!

ಸಂಕೇಶ್ವರದ ಆಫೀಸಿನಲ್ಲಿ ಕುಳಿತಿದ್ದ ತ್ರಿಶಲಾ ಮೌಸ್ ಮೇಲಿನ ಕೈಯನ್ನು ಥಟ್ಟನೆ ತೆಗೆದಳು. ಪರದೆಯಲ್ಲಿ ಕಾಣುತ್ತಿದ್ದುದು ಗೋಕಾಕದ ಅವಳ ಮನೆಯ ಕಂಪ್ಯೂಟರು. ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದ ಕಾಲ. ದಿನಾ ಊಟದ ಹೊತ್ತಿಗೆ ಅದನ್ನು ಇಲ್ಲಿಂದಲೇ ತೆರೆದು, ತೀರಿಹೋದ ಅಪ್ಪ ಹಾಡಿದ್ದ ಸ್ತವನಗಳನ್ನು ಕೇಳುವುದು ಅವಳ ರೂಢಿ.

ಇವತ್ತು ಅಲ್ಲಿ ಬೇರೆ ಯಾರೋ ಇದ್ದಾರೆ! ಬಾಣ ಸೀದಾ ‘ಅಪ್ಪಾಜಿ’ ಎಂಬ ಫೋಲ್ಡರಿಗೆ ಹೋಯಿತು... ಅಳಿಸಿಯೇ ಬಿಟ್ಟಿತು!

ತ್ರಿಶಲಾ ತಕ್ಷಣ ಮನೆಗೆ ಫೋನ್ ಹಚ್ಚಿದಳು.

"ಅವ್ವಾ, ಕಂಪ್ಯೂಟರ್ ಬಟನ್ ಬಂದ್ ಮಾಡು! ಏನೂ ಕೇಳಬ್ಯಾಡ, ಲಗೂನ ಮಾಡು!"

ಪರದೆ ಕಪ್ಪಾಯಿತು. ಅವಳು ರಜೆ ಹೇಳಿ ಗೋಕಾಕದ ಬಸ್ಸು ಹಿಡಿದಳು.

ಯಾರಿರಬಹುದು? ಮನೆಗೆ ನೆಟ್ ಜೋಡಿಸಿದವನು ತೇಜಸ. ಅವ್ವ ಇಂದುಬಾಯಿ ಕೊಟ್ಟ ಚಹಾ ಕುಡಿಯುತ್ತ, ತ್ರಿಶಲಾಳನ್ನು ಕದ್ದು ನೋಡುವ ತೇಜಸ. ಇವಳೇನು ಕಡಿಮೆಯೇ? ಆರು ತಿಂಗಳಿಂದ ಇಲ್ಲದ ರಿಪೇರಿ ಹುಟ್ಟಿಸಿ ಅವನನ್ನು ಕರೆಸುತ್ತಿದ್ದಳು!

ಅವನೇನಾ...? ಬಸ್ಸಿನ ದಾರಿಯುದ್ದಕ್ಕೂ ಅದೇ ಹೆದರಿಕೆ.

ಮನೆಗೆ ಬಂದರೆ ಕಂಪ್ಯೂಟರಿನ ಮುಂದೆ ಅವನೇ ಕುಳಿತಿದ್ದಾನೆ! ಗಾಬರಿಯಾದ ಅವ್ವ ಕರೆಸಿದ್ದಳು.

"ಕೈ ತಗೀರಿ! ನಿಮ್ಮನ್ನ ಬಿಟ್ಟ ಇದರ ದಾರಿ ಯಾರಿಗ್ರಿ ಗೊತ್ತೈತಿ?"

ತೇಜಸನ ಮುಖ ಬಾಡಿತು. "ಪೆನ್‌ಡ್ರೈವ್‌ನ್ಯಾಗ ಕಂಪ್ಯೂಟರಿನ ಚಾವಿ ಹಾಕಿ ಕೊಟ್ಟಿದ್ನಲ್ರಿ. ಅದಿಲ್ಲದ ಯಾರೂ ಒಳಗ ಬರಾಕ ಆಗಬಾರದು. ರೂಟರ್‌ನ್ಯಾಗ ಇನ್ನೊಂದ ಬಾಗಲಾ ತಗದವ್ರ ಯಾರು?"

ತ್ರಿಶಲಾಗೆ ಈಗ ನೆನಪಾಯಿತು. ಹೋದ ವಾರ ಪೆನ್‌ಡ್ರೈವ್ ಮನೆಯಲ್ಲೇ ಮರೆತು, ಆಫೀಸಿನಲ್ಲಿ ಹಾಡು ಕೇಳಲಾಗದೆ ಒದ್ದಾಡಿದ್ದಳು. ಚಾವಿಯ ಗೊಡವೆಯೇ ಬೇಡವೆಂದು, ಬರೀ ಪಾಸ್‌ವರ್ಡಿಗೆ ತೆರೆಯುವ ದಾರಿಯನ್ನು ತಾನೇ ಮಾಡಿಕೊಂಡಿದ್ದಳು.

"ಪಾಸ್‌ವರ್ಡ್ ಏನ ಇಟ್ಟಿದ್ರಿ?"

"ಪಾರ್ಶ್ವನಾಥ..."

ಅಪ್ಪನ ಹೆಸರು! ಬಾಗಿಲ ಮೇಲೆ ಅದೇ, ತಂಬಿಗೆ ತಾಟುಗಳ ಮೇಲೆ ಕೊರೆಸಿದ್ದೂ ಅದೇ, ಕಂಪ್ಯೂಟರಿಗೆ ಇಟ್ಟ ಹೆಸರೂ ಅದೇ.

"ಮುಂಜಾನಿಂದ ಯಾರೋ ಗುರುತಿಲ್ಲದವ್ರು ಬಾಗಲಾ ಬಡದಾರ. ಕಂಪ್ಯೂಟರಿನ ಹೆಸರನ್ನ ಪಾಸ್‌ವರ್ಡ್ ಅಂತ ಹಾಕಿ ನೋಡ್ಯಾರ, ತಗದೈತಿ. ಆ ಬಾಗಲಾ ಮುಚ್ಚೇನಿ. ಇನ್ನ ಇದನ್ನ ಪೂರ್ತಿ ಅಳಿಸಿ ಹೊಸದಾಗಿ ಹಾಕಬೇಕ್ರಿ."

"ಅಪ್ಪಾಜಿ ದನಿ...? ನನ್ನ ಕೈಯಾರೆ ಕಳಕೊಂಡ್ನಿ!" ಅವಳು ಬಿಕ್ಕಿದಳು.

ಇಂದುಬಾಯಿ ದೇವರ ಮಾಡದಿಂದ ಒಂದು ಸಿಡಿ ತಂದಳು. "ನೆಟ್ ಜೋಡಿಸಿದ ದಿನಾನ ತೇಜಸ ಆ ಹಾಡೆಲ್ಲಾ ನಕಲ ಮಾಡಿ ಕೊಟ್ಟಿದ್ದ. ‘ಕಾಕೂ, ದೇವರ ಬಾಜೂಕ ಇಡ್ರಿ’ ಅಂದಿದ್ದ. ನಿನಗೂ ಹೇಳಿದ್ದ. ಆವಾಗ ನಿನ್ನ ಲಕ್ಷ್ಯ ಅವನ ಮಾತಿನ ಮ್ಯಾಗ ಎಲ್ಲಿತ್ತವ್ವಾ?"

ತ್ರಿಶಲಾ ನಾಚಿ ನೀರಾದಳು. ಅವ್ವ ನಗುತ್ತ ಒಳಗೆ ಹೋದಳು.

"ನಿಮ್ಮ ಮ್ಯಾಲ ಸಂಶೆ ಪಟ್ನಿ, ತಪ್ಪಾತ್ರಿ," ಎಂದಳು ತ್ರಿಶಲಾ. "ಖರೆ ಹೇಳಲೇನು? ದನಿ ಹೋತು ಅನ್ನೂದಕ್ಕಿಂತ, ಅದನ್ನ ಮಾಡಿದವ್ರು ನೀವ ಇದ್ದರ... ಅಂತ ಭಾಳ ಹೆದರಿದ್ನಿ."

"ಯಾಕ್ರಿ?"

"ನಿಮ್ಮನ್ನ ಬಿಟ್ಟಿರಾಕ ಆಗೂದಿಲ್ಲ, ಅದಕ್ಕ."

ತೇಜಸನ ಕಣ್ಣು ತುಂಬಿ ಬಂತು. "ನನಗೂ ಹಂಗ ಐತ್ರಿ."

"ಹಂಗಾರ ಹೊಸಾ ಪಾಸ್‌ವರ್ಡ್ ನಿಮ್ಮ ಹೆಸರ ಇಡಲೇನು?"

"ಬ್ಯಾಡ್ರಿ! ಯಾರರೆ ಊಹೆ ಮಾಡ್ಯಾರು!"

ಅಡುಗೆಮನೆಯಿಂದ ಇಂದುಬಾಯಿಯ ದನಿ ಬಂತು. "ನಾ ಆ ಊಹೆ ಯಾವಾಗೋ ಮಾಡೇನಿ, ತಗೋರಿ!"