ಬೆಚ್ಚಗಿನ ಬಾನೆಟ್

ಇವತ್ತೂ ಬಾನೆಟ್ ಬೆಚ್ಚಗಿತ್ತು.

ಟೀಚರಮ್ಮ ಕೈ ಹಿಂದಕ್ಕೆಳೆದುಕೊಂಡು ಸುತ್ತ ನೋಡಿದಳು. ಕಾರ್ ಮ್ಯೂಸಿಯಂ ಬಾಗಿಲು ತೆರೆದು ಹತ್ತು ನಿಮಿಷವೂ ಆಗಿರಲಿಲ್ಲ. ತೊಂಬತ್ತು ವರ್ಷದ ಈ ಕಾರನ್ನು ಎಲ್ಲರೂ 'ಅಜ್ಜಿ' ಎನ್ನುತ್ತಿದ್ದರು. ದಿನಕ್ಕೆ ಒಂದೇ ಸಲ, ಅದೂ ಶಾಲಾ ಮಕ್ಕಳ ಮುಂದೆ ಮಾತ್ರ ಅಜ್ಜಿ ಸ್ಟಾರ್ಟ್ ಆಗಬೇಕೆಂದು ಡೈರೆಕ್ಟರ್ ಮೇಡಂ ಕಟ್ಟಪ್ಪಣೆ ಮಾಡಿದ್ದರು. ಮಕ್ಕಳ ಕಾರ್ಯಕ್ರಮ ನಡೆಸುವವಳು ಇವಳೇ. ಟೀಚರಮ್ಮ ಎಂಬ ಹೆಸರು ಬಂದದ್ದೂ ಅದರಿಂದಲೇ.

ಕಾರುಗಳಿದ್ದ ಹಾಲ್‌ನ ಬೀಗದ ಕೈ ಇದ್ದದ್ದು ಇಬ್ಬರ ಬಳಿ. ಒಂದು ಇವಳದು, ಇನ್ನೊಂದು ಮೆಕ್ಯಾನಿಕ್‌ನದು.

ಅವನು ಮೂಲೆಯಲ್ಲಿ ಕೂತು ಹಿತ್ತಾಳೆಯ ಹಾರ್ನ್ ಒರೆಸುತ್ತಿದ್ದ. ಮಾತು ಕಡಿಮೆ, ಅದಕ್ಕೇ ಅಡ್ಡಹೆಸರು ಸೈಲೆನ್ಸರ್.

"ಬೆಳಿಗ್ಗೆ ಯಾರಾದ್ರೂ ಅಜ್ಜೀನ ಸ್ಟಾರ್ಟ್ ಮಾಡಿದ್ರಾ?"

"ಯಾಕೆ ಮೇಡಂ?"

"ಬಾನೆಟ್ ಬಿಸಿ ಇದೆ."

"ಆ ಕಡೆ ಬಿಸಿಲು ಬೀಳತ್ತೆ," ಎಂದ, ಹಾರ್ನ್‌ನಿಂದ ಕಣ್ಣೆತ್ತದೆ.

ಆ ಕಡೆ ಕಿಟಕಿಯೇ ಇರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲು ಮುಟ್ಟಲಿಲ್ಲ, ಆದರೆ ಕಿವಿ ಕೆಂಪಾಯಿತು. ಕೆಂಪಾದರೆ ಚೆನ್ನಾಗಿ ಕಾಣುವ ಕಿವಿ ಎನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಹತ್ತಕ್ಕೆ ಮಕ್ಕಳು ಬಂದರು. "ಶಕ್ತಿಗಿಂತ ಯುಕ್ತಿ ಮೇಲು, ನೋಡ್ತಾ ಇರಿ," ಎಂದು ಅಜ್ಜಿಯ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಒಂದೇ ಸುತ್ತು ಸುತ್ತಿದಳು. ಅಜ್ಜಿ ಗುಡುಗುಡು ಎದ್ದಳು, ಚಪ್ಪಾಳೆಯೋ ಚಪ್ಪಾಳೆ. ಕಂಬಕ್ಕೊರಗಿದ್ದ ಮೆಕ್ಯಾನಿಕ್‌ನ ಕಣ್ಣು ಅವಳ ಕೈಯ ಮೇಲೇ ಇತ್ತು. ಅವಳು ಹ್ಯಾಂಡಲ್ ಬಿಟ್ಟ ಮೇಲೆಯೇ ಅವನು ಉಸಿರು ಬಿಟ್ಟದ್ದು. ಇವನಿಗೇಕೆ ಇಷ್ಟು ಭಯ?

ಮುಂಜಾನೆ ಅಜ್ಜಿಯನ್ನು ಹೊರಗೆ ಓಡಿಸುತ್ತಾನೆ, ಇನ್ನೇನು! ಯಾರನ್ನು ಪಕ್ಕದಲ್ಲಿ ಕೂರಿಸಿಕೊಂಡು? ಈ ಎರಡನೆಯ ಪ್ರಶ್ನೆಯೇ ಹೆಚ್ಚು ಚುಚ್ಚಿತು.

ಸಂಜೆ ಟೈರಿಗೂ ನೆಲಕ್ಕೂ ಸೇರಿಸಿ ಸೀಮೆಸುಣ್ಣದ ಗೆರೆ ಎಳೆದಳು. ಮರುದಿನ ಗೆರೆ ಇದ್ದ ಹಾಗೇ ಇತ್ತು, ಬಾನೆಟ್ ಬೆಚ್ಚಗಿತ್ತು. ಅಂದರೆ ಓಡಿಸಿ ತಂದು ಮತ್ತೆ ಗೆರೆ ಎಳೆದಿದ್ದಾನೆ, ಭಾರೀ ಪಾಕಡಾ ಎಂದುಕೊಂಡು ಮಧ್ಯಾಹ್ನವೇ ಡೈರೆಕ್ಟರ್ ಮೇಡಂಗೆ ದೂರು ಬರೆದು ಕೊಟ್ಟಳು.

ರಾತ್ರಿ ಫೋನಿನಲ್ಲಿ ಇದನ್ನೆಲ್ಲ ಕೇಳಿ ಅಕ್ಕ ನಕ್ಕಳು. "ಅನುಮಾನಕ್ಕೆ ಮದ್ದಿಲ್ಲ ಕಣೇ. ನೀನು ಬಾನೆಟ್ ನೋಡ್ತಿದ್ದೀಯೋ, ಅವನನ್ನ ನೋಡ್ತಿದ್ದೀಯೋ?"

"ಸುಮ್ನಿರೇ!"

ಆದರೂ ಆ ಮಾತು ಸುಮ್ಮನಿರಲು ಬಿಡಲಿಲ್ಲ. ಕಣ್ಣಾರೆ ನೋಡಿಯೇಬಿಡೋಣವೆಂದು ಮರುದಿನ ಬೆಳಿಗ್ಗೆ ಏಳಕ್ಕೇ ಹೋಗಿ ಬಾಗಿಲ ಸಂದಿಯಲ್ಲಿ ನಿಂತಳು.

ಅವನೊಬ್ಬನೇ ಇದ್ದ. ಹ್ಯಾಂಡಲ್ ತಿರುಗಿಸುತ್ತಿದ್ದ. ಒಂದು, ಎರಡು, ಮೂರು ಸುತ್ತು. ಅಜ್ಜಿ ಏಳಲಿಲ್ಲ. ನಾಲ್ಕನೆಯದಕ್ಕೆ ಹ್ಯಾಂಡಲ್ ಫಟ್ಟನೆ ಹಿಂದಕ್ಕೆ ಒದೆಯಿತು. ಅವನು ಬಲ ಮಣಿಕಟ್ಟು ಹಿಡಿದು ಕುಸಿದು ಕೂತ. ಮತ್ತೆ ಎದ್ದು ಎಡಗೈಯಲ್ಲಿ ತಿರುಗಿಸಿದ. ಎಂಜಿನ್ ಎದ್ದಿತು. ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಬಾನೆಟ್ ಮುಟ್ಟಿ ನೋಡಿದ.

"ಏನಿದು?" ಅವಳು ಒಳಗೆ ಓಡಿದಳು. "ಕೈ ತೋರ್ಸಿ!"

"ತಣ್ಣಗಿದ್ರೆ ಹೀಗೇ ಒದೆಯತ್ತೆ ಮೇಡಂ. ಮೊದಲನೇ ತಿಂಗಳು ನಿಮಗೂ ಒದ್ದಿತ್ತಲ್ಲ. ಮಕ್ಕಳ ಮುಂದೆ ನಕ್ಕು, ಆಮೇಲೆ ಸ್ಟೋರ್ ರೂಮಲ್ಲಿ ಅತ್ರಿ."

"ನೋಡಿದ್ರಾ?"

"ನೋಡ್ದೆ. ಬೆಚ್ಚಗಿದ್ರೆ ಒಂದೇ ಸುತ್ತಿಗೆ ಏಳತ್ತೆ."

"ನನ್ನ ಹತ್ರ ಹೇಳಬಾರ್ದಿತ್ತಾ?"

"ಒಂದೇ ಸುತ್ತಿಗೆ ಎದ್ದಾಗ ನಿಮ್ಮ ಮುಖ ಹೆಂಗಿರತ್ತೆ ಗೊತ್ತಾ? ಅದನ್ನ ಹೇಗೆ ಹಾಳು ಮಾಡ್ಲಿ?"

ಅವಳ ಕಣ್ಣು ತುಂಬಿತು. "ನಾನು ನಿಮ್ಮ ಮೇಲೆ ದೂರು ಕೊಟ್ಟಿದ್ದೀನಿ."

ಅವನು ಎಡಗೈಯಲ್ಲೇ ಎಂಜಿನ್ ಆಫ್ ಮಾಡಿದ. "ನಿಯಮ ಮುರಿದದ್ದು ನಿಜ ತಾನೇ," ಎಂದ.

ಮೇಡಂ ಬರುವುದನ್ನೇ ಕಾದಿದ್ದು ಅವಳು ಅವರ ಕೋಣೆಗೆ ನುಗ್ಗಿದಳು.

"ಬರೆದು ಕೊಟ್ಟ ದೂರನ್ನ ಬಾಯಲ್ಲಿ ವಾಪಸ್ ತಗೊಳ್ಳೋಕಾಗಲ್ಲಮ್ಮ," ಎಂದರು ಮೇಡಂ. "ಸರಿಯಾದ ಕಾರಣ ಬರೆದು ಕೊಡಿ. ಇಲ್ಲಾಂದ್ರೆ ಅವರನ್ನ ಇವತ್ತೇ ಕೆಲಸದಿಂದ ತೆಗೀಬೇಕಾಗತ್ತೆ."

ಅಲ್ಲೇ ಕೂತು ಬರೆದಳು.

'ಎಂಜಿನ್ ಬೆಚ್ಚಗಿದ್ದದ್ದು ನನ್ನ ಕೈಗೆ ಪೆಟ್ಟಾಗದಿರಲೆಂದು. ಇಷ್ಟು ದಿನದ ಚಪ್ಪಾಳೆ ಅವರಿಗೆ ಸೇರಬೇಕಾದದ್ದು. ಶಿಕ್ಷೆ ಇದ್ದರೆ ಇಬ್ಬರಿಗೂ ಇರಲಿ. ತಣ್ಣಗಿನ ಎಂಜಿನ್ ಎಬ್ಬಿಸುವುದನ್ನು ಅವರಿಂದ ಕಲಿಯಲು ನಾಳೆಯಿಂದ ಏಳಕ್ಕೆ ನಾನೂ ಬರುತ್ತೇನೆ. ಕಚೇರಿ ಪತ್ರದಲ್ಲಿ ಬರೆಯುವ ಮಾತಲ್ಲ, ಆದರೂ ನಿಜ: ನನಗೆ ಅವರೆಂದರೆ ಇಷ್ಟ.'

ಮೇಡಂ ಎರಡು ಸಲ ಓದಿ ಕನ್ನಡಕ ತೆಗೆದರು. "ಇದೇನು ವಿವರಣೆಯೋ, ಪ್ರೇಮಪತ್ರವೋ?"

"ಎರಡೂ, ಮೇಡಂ."

ಅವರು ಅಂಚಿನಲ್ಲಿ 'ಬೆಳಿಗ್ಗೆ ಸ್ಟಾರ್ಟ್ ಮಾಡಲು ಅನುಮತಿಸಿದೆ' ಎಂದು ಬರೆದರು. "ಸಂಬಂಧಪಟ್ಟವರು ಓದಿ ಸಹಿ ಹಾಕ್ಲಿ."

ಮೆಕ್ಯಾನಿಕ್ ಬ್ಯಾಂಡೇಜ್ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ಓದಿದ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಕಿವಿ ಕೆಂಪಾಗಿತ್ತು. ಈ ಸಲ ಅವಳು ಧಾರಾಳವಾಗಿ ನೋಡಿದಳು. ಅವನು ಎಡಗೈಯಲ್ಲಿ ಪೆನ್ನು ಹಿಡಿದು, ಒಂದನೇ ಕ್ಲಾಸಿನ ಮಗುವಿನಂತೆ ಸೊಟ್ಟಂಬಟ್ಟ ಅಕ್ಷರದಲ್ಲಿ 'ಓದಿದೆ. ಒಪ್ಪಿದೆ' ಎಂದು ಬರೆದ.

ಕೆಳಗೆ ಜಾಗ ಬೇಕಾದಷ್ಟಿತ್ತು. ಆದರೂ ಅವಳ ಸಹಿಯ ಪಕ್ಕದಲ್ಲೇ, ತಾಗುವಷ್ಟು ಹತ್ತಿರ ತನ್ನ ಸಹಿ ಹಾಕಿದ.